ಮೆಟ್ಟಿಲು ಏರುವ ಬಂಡಿ

ನಾವು ಹೊರೆ ಹೊರುವವರು. ನೀರಿನ ಕೊಡ ಹೊರುತ್ತೇವೆ. ಕಟ್ಟಿಗೆ ಹೊರುತ್ತೇವೆ. ಹಿಟ್ಟಿನ ಚೀಲ ಹೊರುತ್ತೇವೆ. ಸಪಾಟು ನೆಲದ ಮೇಲೆ ಹೊರುವುದೇ ಕಷ್ಟ. ಮೆಟ್ಟಿಲ ಮೇಲೆ ಇನ್ನೂ ಕಷ್ಟ. ಮುಂದಿನ ಮೆಟ್ಟಿಲು ಕಾಣುವುದಿಲ್ಲ. ಸೀರೆ ಕಾಲಿಗೆ ತೊಡರುತ್ತದೆ.

ಪೇಟೆಯಲ್ಲಿ ಮಹಿಳಾ ಸಂಘದವರು ರೊಟ್ಟಿ, ಹಪ್ಪಳ, ಖಾರದ ಪುಡಿ ಮಾಡಿ ಮಾರುತ್ತಾರೆ. ಅದಕ್ಕೆ ಒಂದು ಕೋಣೆ ಬೇಕು. ನೆಲಮಾಳಿಗೆಗೆ ಬಾಡಿಗೆ ಕಡಿಮೆ. ನೆಲಮಾಳಿಗೆ ಅಂದರೆ ನೆಲದ ಕೆಳಗಿನ ಕೋಣೆ. ಜೋಳದ ಚೀಲ ಕೆಳಗೆ ಇಳಿಯಬೇಕು. ರೊಟ್ಟಿಯ ಡಬ್ಬ ಮೇಲೆ ಬರಬೇಕು. ಬಾಡಿಗೆ ಉಳಿಯುತ್ತದೆ, ಸೊಂಟ ಹೋಗುತ್ತದೆ.

ಎಷ್ಟು ಭಾರ ಹೊರಬಹುದು? 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಂದು ಶಿಫಾರಸು ಮಾಡಿತು. ಗಂಡಾಳು ಕೂಡ 55 ಕೆ.ಜಿ.ಗಿಂತ ಹೆಚ್ಚು ಹೊರಬಾರದು, ಹೆಂಗಸರ ಹೊರೆ ಅದಕ್ಕಿಂತ ಬಹಳ ಕಡಿಮೆ ಇರಬೇಕು ಅಂತ. ನಮ್ಮ ಜೋಳದ ಚೀಲ 50 ಕೆ.ಜಿ. ಇರುತ್ತದೆ. ನಮಗೆ ಅದು ಹೆಚ್ಚೇ ಆಯಿತು.

ಹಾಗಾದರೆ ಬಂಡಿ ಎಳೆಯಲಿ. ಮೆಟ್ಟಿಲ ಒಂದು ಬದಿಗೆ ಎರಡು ಕಬ್ಬಿಣದ ಕಂಬಿ ಹಾಕಬೇಕು. ಅದರ ಮೇಲೆ ನಾಲ್ಕು ಗಾಲಿಯ ಪುಟ್ಟ ಬಂಡಿ ಇಡಬೇಕು. ಮೇಲಿನಿಂದ ಹಗ್ಗ ಎಳೆಯಬೇಕು. ಮೆಟ್ಟಿಲ ಇನ್ನೊಂದು ಬದಿ ನಾವು ನಡೆಯುವುದಕ್ಕೆ ಖಾಲಿ ಇರಬೇಕು. ಅಷ್ಟು ಅಗಲ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುವುದು ಬೇಡ.

ಲೆಕ್ಕ ನೋಡೋಣ. ಕೋಣೆಯ ಆಳ 3 ಮೀಟರ್. ಮೆಟ್ಟಿಲ ಇಳಿಜಾರಿನ ಉದ್ದ 5 ಮೀಟರ್. ಚೀಲ 50 ಕೆ.ಜಿ., ಬಂಡಿ 20 ಕೆ.ಜಿ. ಒಟ್ಟು 70 ಕೆ.ಜಿ. ನೆಟ್ಟಗೆ ಮೇಲಕ್ಕೆ ಎತ್ತಿದರೆ ಪೂರಾ 70 ಕೆ.ಜಿ. ಭಾರ ಕೈಗೆ ಬೀಳುತ್ತದೆ. ಇಳಿಜಾರಿನಲ್ಲಿ ಎಳೆದರೆ ಐದರಲ್ಲಿ ಮೂರು ಪಾಲು, ಅಂದರೆ 42 ಕೆ.ಜಿ. ಗಾಲಿ ಉಜ್ಜುವುದಕ್ಕೆ ಒಂದಿಷ್ಟು ಸೇರಿಸಿ 50 ಅನ್ನೋಣ. ಬಂಡಿಗೆ ಒಂದು ರಾಟೆ ಕಟ್ಟಿ, ಹಗ್ಗವನ್ನು ಅದರೊಳಗಿಂದ ತಿರುಗಿಸಿ ಎಳೆದರೆ ಅದೂ ಅರ್ಧ ಆಗುತ್ತದೆ. ರಾಟೆಗೆ ಕೆಲವು ಕಡೆ ಗಡಗಡೆ ಅನ್ನುತ್ತಾರೆ. ಆದರೆ ಹಗ್ಗ ಎರಡರಷ್ಟು ಎಳೆಯಬೇಕು. ಭಾರ ಅರ್ಧ ಆದರೆ ದೂರ ಎರಡರಷ್ಟು. ಇದರಲ್ಲಿ ಮೋಸ ಇಲ್ಲ, ಲಾಭವೂ ಪುಕ್ಕಟೆ ಅಲ್ಲ. ದಿನಕ್ಕೆ ನಾಲ್ಕೈದು ಚೀಲ ಇದ್ದರೆ ಇಷ್ಟೇ ಸಾಕು ಅಂತ ನಮ್ಮ ಅಭಿಪ್ರಾಯ.

"ಮೋಟಾರಿಗೆ ಹಗ್ಗ ಕಟ್ಟಿ ಎಳಸಿದ್ರ ಆತಲ್ಲ, ಅಕ್ಕೋರ?" ಅಂತ ನೀವು ಕೇಳಬಹುದು. ಆಗುತ್ತದೆ. ದೊಡ್ಡ ಮೋಟಾರೂ ಬೇಡ. ಅರ್ಧ ಎಚ್.ಪಿ. ಮೋಟಾರು ಧಾರಾಳ ಆಯಿತು. ನಮ್ಮ ಮನೆಯ ಮಿಕ್ಸಿ ತಿನ್ನುವ ಕರೆಂಟು ಇದಕ್ಕಿಂತ ಹೆಚ್ಚು ಇರುತ್ತದೆ. ಆದರೆ ಮಿಕ್ಸಿಯ ಮೋಟಾರು ಇದಕ್ಕೆ ಬರುವುದಿಲ್ಲ, ಅದು ಬಹಳ ಜೋರಾಗಿ ತಿರುಗುತ್ತದೆ. ನಮಗೆ ನಿಧಾನ ಬೇಕು. ಒಂದು ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರಿಗೆ ಗೇರುಪೆಟ್ಟಿಗೆ ಹಾಕುತ್ತಾರೆ. ಗೇರು 40 ಸುತ್ತನ್ನು ಒಂದು ಸುತ್ತು ಮಾಡುತ್ತದೆ. ಆಗ ಹಗ್ಗ ಸುತ್ತುವ ಉರುಳೆ ನಿಮಿಷಕ್ಕೆ 36 ಸುತ್ತು ತಿರುಗುತ್ತದೆ. ಉರುಳೆ 4 ಇಂಚು ದಪ್ಪ ಇದ್ದರೆ ಬಂಡಿ ಅರ್ಧ ನಿಮಿಷದಲ್ಲಿ ಮೇಲೆ ಬರುತ್ತದೆ.

ಎಳೆಯುವುದು ಸುಲಭ. ನಿಲ್ಲಿಸುವುದೇ ಕಷ್ಟ. ಬಾವಿಯಲ್ಲಿ ನೀರು ಸೇದುವಾಗ ಕೈ ಬಿಟ್ಟರೆ ಏನಾಗುತ್ತದೆ? ರಾಟೆ ಗರಗರ ತಿರುಗಿ ಕೊಡ ಬಾವಿಗೆ ಬೀಳುತ್ತದೆ. ಬಂಡಿ ಅರ್ಧ ದಾರಿಯಲ್ಲಿದ್ದಾಗ ಕರೆಂಟು ಹೋಯಿತು ಅನ್ನಿ. ಅದನ್ನು ಹಿಡಿದುಕೊಳ್ಳುವವರು ಯಾರು?

ಅದಕ್ಕೇ ಬ್ರೇಕು ಬೇಕು. ಎಂಥ ಬ್ರೇಕು? ಕರೆಂಟು ಇದ್ದಾಗ ಬಿಡಬೇಕು, ಕರೆಂಟು ಹೋದ ಕೂಡಲೇ ತಾನೇ ಹಿಡಿಯಬೇಕು. ಮಾಡಿಕೊಡುವವರು "ಗೇರೇ ಹಿಡಕೊಂತೈತಿ, ಬ್ರೇಕು ಯಾಕ್ರೀ?" ಅಂತ ಹೇಳಬಹುದು. ಒಪ್ಪಬೇಡಿ. ಗೇರು ಸವೆಯುತ್ತದೆ, ಎಣ್ಣೆಗೆ ಜಾರುತ್ತದೆ.

ಹಗ್ಗವೇ ಹರಿದರೆ ಬ್ರೇಕೂ ಉಪಯೋಗಕ್ಕೆ ಬಾರದು. ಇದಕ್ಕೆ ಒಂದು ಹಳೆಯ ಉಪಾಯ ಇದೆ. ಅಮೆರಿಕದಲ್ಲಿ ಎಲಿಷಾ ಓಟಿಸ್ ಅಂತ ಒಬ್ಬರಿದ್ದರು. 1854ರಲ್ಲಿ ನ್ಯೂಯಾರ್ಕಿನ ದೊಡ್ಡ ಪ್ರದರ್ಶನದಲ್ಲಿ ಅವರು ಎತ್ತರದ ಹಲಗೆಯ ಮೇಲೆ ನಿಂತರು. ಜನರ ಮುಂದೆಯೇ ಹಗ್ಗ ಕಡಿಸಿದರು. ಹಲಗೆ ಬೀಳಲಿಲ್ಲ. ಹಗ್ಗ ಸಡಿಲವಾದ ಕೂಡಲೇ ಸ್ಪ್ರಿಂಗು ಬಿಚ್ಚಿಕೊಂಡು, ಬದಿಯ ಹಲ್ಲುಗಳಿಗೆ ಕಚ್ಚಿಕೊಂಡಿತು. ಮೂರು ವರ್ಷ ಕಳೆದು, 1857ರಲ್ಲಿ, ಅದೇ ಊರಿನ ಒಂದು ಅಂಗಡಿಯಲ್ಲಿ ಜನರನ್ನು ಹೊರುವ ಅವರ ಲಿಫ್ಟು ಬಂತು. ನಮ್ಮ ಬಂಡಿಗೂ ಅದೇ ಉಪಾಯ. ಕಂಬಿಗಳ ನಡುವೆ ಕಬ್ಬಿಣದ ಹಲ್ಲು, ಬಂಡಿಯ ಅಡಿಗೆ ಒಂದು ಕೊಕ್ಕೆ. ಹಗ್ಗ ಬಿಗಿ ಇರುವ ತನಕ ಕೊಕ್ಕೆ ಮೇಲೆ ಇರುತ್ತದೆ. ಹರಿದರೆ ಬಿದ್ದು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಮೋಟಾರಿಗೆ ಬುದ್ಧಿ ಇಲ್ಲ. ಬಂಡಿ ತುದಿ ಮುಟ್ಟಿದರೂ ಎಳೆಯುತ್ತಲೇ ಇರುತ್ತದೆ. ಆದ್ದರಿಂದ ಮೇಲೆ ಒಂದು, ಕೆಳಗೆ ಒಂದು ಲಿಮಿಟ್ ಸ್ವಿಚ್ಚು ಬೇಕು. ಬಂಡಿ ತಾಗಿದರೆ ಮೋಟಾರು ನಿಲ್ಲುತ್ತದೆ. ಗುಂಡಿಯೂ ಹಾಗೆಯೇ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡಬೇಕು. ಬೆರಳು ತೆಗೆದರೆ ನಿಲ್ಲಬೇಕು. ಉಕ್ಕಿನ ತಂತಿಯ ಹಗ್ಗ ನಮ್ಮ ಭಾರದ ಐದು ಪಟ್ಟಾದರೂ ತಾಳಬೇಕು. ಬಂಡಿ ಕೆಳಗಿದ್ದಾಗಲೂ ಉರುಳೆಯ ಮೇಲೆ ಮೂರು ಸುತ್ತು ಉಳಿದಿರಬೇಕು. ಹಗ್ಗಕ್ಕೆ ಗಂಟು ಹಾಕಬಾರದು. ತಂತಿಯ ಎಳೆ ಕಿತ್ತು ಬಂದರೆ ಹಗ್ಗ ಬದಲಿಸಬೇಕು.

ಇನ್ನು ನಮ್ಮ ಸೆರಗು ಮತ್ತು ಜಡೆ. ಹಿಟ್ಟಿನ ಗಿರಣಿಯ ಪಟ್ಟಿಗೆ ಸೆರಗು ಸಿಕ್ಕರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಉರುಳೆ, ಗೇರು, ರಾಟೆ ಮೂರಕ್ಕೂ ಜಾಲರಿಯ ಮುಚ್ಚಳ ಇರಲೇಬೇಕು. ಮುಚ್ಚಳಕ್ಕೆ ನಾಲ್ಕು ಕಾಸು ಉಳಿಸುವುದು ಬೇಡ.

ಕಬ್ಬಿಣದ ಕೆಲಸ ವೆಲ್ಡಿಂಗ್ ಅಂಗಡಿಯವರು ಮಾಡಲಿ. ಕರೆಂಟಿನ ಕೆಲಸ ಲೈಸೆನ್ಸ್ ಇರುವವರೇ ಮಾಡಲಿ. ನೆಲಮಾಳಿಗೆಯಲ್ಲಿ ತೇವ ಇರುತ್ತದೆ. ಅರ್ಥಿಂಗ್ ಬೇಕು, ಷಾಕ್ ಹೊಡೆದರೆ ಕರೆಂಟು ಕಡಿಯುವ ಸ್ವಿಚ್ಚೂ ಬೇಕು. ಅದಕ್ಕೆ ಆರ್.ಸಿ.ಸಿ.ಬಿ. ಅನ್ನುತ್ತಾರೆ. ಹಣ ಪೂರಾ ಕೊಡುವ ಮೊದಲು ಪರೀಕ್ಷೆ ಮಾಡಿಸಿ. ಮರಳಿನ ಚೀಲ ತುಂಬಿ, ಎಲ್ಲರೂ ಮೇಲೆ ನಿಂತು, ಬಂಡಿ ನಡುವೆ ಬಂದಾಗ ಮೇನ್ ಸ್ವಿಚ್ಚು ಆರಿಸಿ. ಬಂಡಿ ಅಲ್ಲೇ ನಿಲ್ಲಬೇಕು. ಒಂದು ಗೇಣು ಜಾರಿದರೂ ವಾಪಸ್ಸು ಕಳಿಸಿ.

"ಮಂಡಿ ನೋವಿನ ಅಜ್ಜಿನ್ನ ಕೂಡಿಸಿ ಕಳಿಸಬಹುದಲ್ಲ?" ಬೇಡ. ಇದು ಚೀಲದ ಬಂಡಿ. ಜನ ಹತ್ತುವ ಲಿಫ್ಟಿನ ಕಟ್ಟಳೆಯೇ ಬೇರೆ. ಅದಕ್ಕೆ ಕರ್ನಾಟಕದಲ್ಲಿ 2012ರ ಕಾನೂನು ಇದೆ. ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ ಬೇಕು. ಚೀಲದ ಬಂಡಿ ಕೂಡಿಸುವ ಮೊದಲೂ ಅಲ್ಲಿ ಒಂದು ಮಾತು ಕೇಳಿ. ಮನೆಯ ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ.

ಲೆಕ್ಕ ಮಾಡಿ:
ಆಳ 2 ಮೀಟರ್, ಇಳಿಜಾರಿನ ಉದ್ದ 4 ಮೀಟರ್. ಚೀಲ ಮತ್ತು ಬಂಡಿ ಸೇರಿ 60 ಕೆ.ಜಿ. ಎಳೆಯುವ ಭಾರ ಎಷ್ಟು? ಗಾಲಿಯ ಉಜ್ಜು ಬಿಡಿ.

ದೊಡ್ಡ ಅಕ್ಷರದಲ್ಲಿ ಬರೆದು ಬಂಡಿಯ ಬಳಿ ತೂಗುಹಾಕಿ:
ಒಂದು ಸಲಕ್ಕೆ ಒಂದೇ ಚೀಲ.
ಜನ ಹತ್ತಬಾರದು.
ಬಂಡಿ ಓಡುವಾಗ ಕೆಳಗೆ ನಿಲ್ಲಬಾರದು.