ತಾಯಿಯ ತೂಕ ಮತ್ತು ನೋವು ಬರಿಸಿ ಮಾಡಿಸುವ ಹೆರಿಗೆ



"ನಿನ್ನೆ ಬೆಳಿಗ್ಗೆಯೇ ಔಷಧಿ ಕೊಟ್ಟಿದ್ದಾರೆ, ಇನ್ನೂ ಹೆರಿಗೆ ಆಗಿಲ್ಲ. ಆಪರೇಷನ್ ಮಾಡಿಬಿಡಿ." ಹೆರಿಗೆ ವಾರ್ಡಿನ ಹೊರಗೆ ಕುಳಿತ ಬಂಧುಗಳು ಮೇಲಿಂದ ಮೇಲೆ ಹೇಳುವ ಮಾತಿದು. ಆತಂಕ ಸಹಜ. ಆದರೆ ಗರ್ಭಿಣಿಯ ತೂಕ ಹೆಚ್ಚಿದ್ದಾಗ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ಅದು ಏಕೆಂದು ಎಲ್ಲರೂ ತಿಳಿದಿರುವುದು ಒಳ್ಳೆಯದು.

ನೋವು ಬರಿಸುವುದು ಎಂದರೇನು?

ದಿನ ಮೀರಿದಾಗ, ರಕ್ತದೊತ್ತಡ ಏರಿದಾಗ, ಸಕ್ಕರೆ ಕಾಯಿಲೆ ಇದ್ದಾಗ ಅಥವಾ ನೋವಿಗೆ ಮೊದಲೇ ನೀರು ಹೋದಾಗ ವೈದ್ಯರು ನೋವು ಬರಿಸಲು ಸಲಹೆ ನೀಡಬಹುದು. ಮೊದಲು ಮಾತ್ರೆ, ಜೆಲ್ ಅಥವಾ ಚಿಕ್ಕ ಬಲೂನಿನ ನಳಿಕೆಯಿಂದ ಗರ್ಭಕೋಶದ ಬಾಯಿಯನ್ನು ಮೆತ್ತಗೆ ಮಾಡುತ್ತಾರೆ. ಅಗತ್ಯವಿದ್ದರೆ ನಂತರ ಆಕ್ಸಿಟೋಸಿನ್ ಡ್ರಿಪ್ ಹಾಕುತ್ತಾರೆ. ಆ ಬಾಯಿ 10 ಸೆಂ.ಮೀ. ತೆರೆದ ಮೇಲೆ ಮಗು ಹೊರಬರುತ್ತದೆ.

ತೂಕಕ್ಕೂ ಇದಕ್ಕೂ ಏನು ಸಂಬಂಧ?

ಗರ್ಭ ಧರಿಸುವ ಮೊದಲಿನ ತೂಕವನ್ನು (ಕಿಲೋ) ಎತ್ತರದಿಂದ (ಮೀಟರ್) ಎರಡು ಸಲ ಭಾಗಿಸಿದರೆ ಬಿ.ಎಂ.ಐ. ಸಿಗುತ್ತದೆ. 150 ಸೆಂ.ಮೀ. ಎತ್ತರದವರು 68 ಕಿಲೋ ಇದ್ದರೆ ಅದು ಸುಮಾರು 30. ಇದನ್ನು ಬೊಜ್ಜು ಎನ್ನುತ್ತಾರೆ. ನಮ್ಮ ದೇಶದವರು 25ಕ್ಕೇ ಎಚ್ಚರ ವಹಿಸಬೇಕು.

ಇಂಥ ತಾಯಂದಿರಲ್ಲಿ ಗರ್ಭಕೋಶದ ಬಾಯಿ ನಿಧಾನವಾಗಿ ತೆರೆಯುತ್ತದೆ. ಔಷಧಿಯೂ ಹೆಚ್ಚು ಬೇಕಾಗಬಹುದು. ಪೂರ್ತಿ ತೆರೆದ ಮೇಲೆ ಮುಕ್ಕುವ ಸಮಯದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಸಿಜೇರಿಯನ್ ಆಗುವ ಸಂಭವ ಇವರಲ್ಲಿ ಹೆಚ್ಚು ಎಂಬುದು ನಿಜ. ಆದರೂ ತಾಳ್ಮೆಯಿಂದ ಕಾದರೆ ಬಹಳಷ್ಟು ಮಂದಿಗೆ ಸಹಜ ಹೆರಿಗೆಯೇ ಆಗುತ್ತದೆ.

ಹಾಗಾದರೆ ಕೂಡಲೇ ಆಪರೇಷನ್ ಏಕೆ ಬೇಡ?

ತೂಕ ಹೆಚ್ಚಿದ್ದವರಿಗೆ ಆಪರೇಷನ್ನಿನ ತೊಂದರೆಗಳೂ ಹೆಚ್ಚು. ಗಾಯ ಕೀವಾಗಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅರಿವಳಿಕೆ ಕೊಡುವುದು ಕಷ್ಟವಾಗಬಹುದು. ಆದ್ದರಿಂದ ತಾಯಿ-ಮಗು ಚೆನ್ನಾಗಿರುವವರೆಗೆ ಕಾಯುವುದೇ ಚಿಕಿತ್ಸೆ. ಮಗುವಿನ ಎದೆಬಡಿತದಲ್ಲಿ ಏರುಪೇರಾಗಿ ವೈದ್ಯರೇ ಆಪರೇಷನ್ ಬೇಕೆಂದಾಗ ಮಾತ್ರ ಒಂದು ನಿಮಿಷವೂ ತಡಮಾಡಬಾರದು. "ಊರಿನಿಂದ ಹಿರಿಯರು ಬರಲಿ" ಎಂದು ಒಪ್ಪಿಗೆ ಮುಂದೂಡಬೇಡಿ.

ಬಂಧುಗಳು ಗಮನಿಸಬೇಕಾದದ್ದು

1. ನೀರು ಹಸಿರಾಗಿ ಹೋದರೆ, ರಕ್ತ ಹೋದರೆ, ಮಗುವಿನ ಚಲನೆ ಕಡಿಮೆಯಾದರೆ, ತಾಯಿಗೆ ವಿಪರೀತ ತಲೆನೋವು ಅಥವಾ ಕಣ್ಣು ಮಂಜಾದರೆ ತಕ್ಷಣ ನರ್ಸ್‌ಗೆ ತಿಳಿಸಿ.
2. ನರ್ಸನ್ನು ಕೇಳದೆ ಊಟ, ನಾಟಿ ಔಷಧಿ ಕೊಡಬೇಡಿ.
3. ಒಬ್ಬರು ಸದಾ ಜೊತೆಗಿರಿ, ಧೈರ್ಯ ಹೇಳಿ.
4. ಹೆರಿಗೆಯ ನಂತರ ರಕ್ತಸ್ರಾವ ಹೆಚ್ಚೆನಿಸಿದರೆ ಕೂಡಲೇ ಕರೆಯಿರಿ. ಬಾಣಂತಿಯನ್ನು ವೈದ್ಯರು ಹೇಳಿದಾಗ ಎಬ್ಬಿಸಿ ನಡೆಸಿ.

ಇನ್ನೂ ತಿಂಗಳು ತುಂಬದ ತಾಯಂದಿರಿಗೆ

"ಇಬ್ಬರ ಊಟ ಒಬ್ಬಳೇ ಉಣ್ಣಬೇಕು" ಎಂಬುದು ಸರಿಯಲ್ಲ. ಹಾಗೆಂದು ಉಪವಾಸವೂ ಬೇಡ. ಗರ್ಭಿಣಿ ತೂಕ ಇಳಿಸಲು ಹೊರಡಬಾರದು. ಬಿ.ಎಂ.ಐ. 30 ದಾಟಿದವರು ಒಂಬತ್ತು ತಿಂಗಳಲ್ಲಿ ಒಟ್ಟು 5ರಿಂದ 9 ಕಿಲೋ ಹೆಚ್ಚಿದರೆ ಸಾಕು. ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ ಇರಲಿ. ಹೋಳಿಗೆ, ಉಂಡೆ ಮಿತವಾಗಿರಲಿ. ವೈದ್ಯರು ಬೇಡವೆನ್ನದಿದ್ದರೆ ದಿನವೂ ಅರ್ಧ ಗಂಟೆ ನಡೆಯಿರಿ. ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷೆ ತಪ್ಪಿಸಬೇಡಿ.

ಕೊನೆಯ ಮಾತು: ತೂಕ ಹೆಚ್ಚಿದೆಯೆಂದು ಹೆಣ್ಣುಮಗಳನ್ನು ಯಾರೂ ಹಂಗಿಸಬೇಡಿ. ಹೆರುವವಳಿಗೆ ಬೇಕಾದದ್ದು ಆಸರೆ. ಆ ರಾತ್ರಿ ಅವಳ ಪಕ್ಕದಲ್ಲಿ ಸಮಾಧಾನದಿಂದ ಕೂರುವುದೂ ಒಂದು ದಾಸೋಹವೇ.