ಉಗುರೂ ಅರಿವಳಿಕೆಯೂ



ತೋಟದಲ್ಲಿ ದುಡಿಯುವವರ ಉಗುರು ಒಡೆಯುವುದು, ಕಪ್ಪಾಗುವುದು ಹೊಸದಲ್ಲ. ಕಂಬಂ ಕಣಿವೆಯ ದ್ರಾಕ್ಷಿ ಚಪ್ಪರದಲ್ಲಿ ಔಷಧಿ ಹೊಡೆಯುವವರಿಗೂ ಕೆಸರಿನಲ್ಲಿ ನಾಟಿ ಮಾಡುವವರಿಗೂ ಇದು ಗೊತ್ತು. ಹಾಗೆ ಕೆಟ್ಟ ಉಗುರು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಆದರೆ ಹುಟ್ಟಿನಿಂದಲೇ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇದ್ದರೆ, ಅಥವಾ ಉಗುರೇ ಇಲ್ಲದಿದ್ದರೆ, ನಾವು ಯೋಚಿಸಬೇಕು.

ವೈದ್ಯರು ‘ನೇಲ್-ಪಟೆಲ್ಲಾ ಸಿಂಡ್ರೋಮ್’ ಎಂದು ಕರೆಯುವ ವಂಶಪಾರಂಪರ್ಯ ರೋಗವೊಂದಿದೆ. ಸುಮಾರು 50,000 ಜನರಲ್ಲಿ ಒಬ್ಬರಿಗೆ ಬರುವಂಥದ್ದು. ಹೆಬ್ಬೆರಳಿನ ಉಗುರು ಹೆಚ್ಚು ಕೆಟ್ಟಿರುತ್ತದೆ. ಕಿರುಬೆರಳಿನತ್ತ ಹೋದಂತೆ ದೋಷ ಕಡಿಮೆ. ಉಗುರಿನ ಬುಡದ ಬಿಳಿ ಅರ್ಧಚಂದ್ರ ತ್ರಿಕೋನವಾಗಿ ಕಾಣಬಹುದು. ಮಂಡಿಚಿಪ್ಪು ಚಿಕ್ಕದಾಗಿರಬಹುದು, ಇಲ್ಲದೆಯೂ ಇರಬಹುದು. ಮೊಣಕೈ ಪೂರ್ತಿ ಚಾಚಲು ಬಾರದಿರಬಹುದು.

ಇದಕ್ಕೆ ಕಾರಣವಾದ ವಂಶವಾಹಿಯನ್ನು 1998ರಲ್ಲಿ ಗುರುತಿಸಲಾಯಿತು. ತಂದೆ ಅಥವಾ ತಾಯಿ, ಒಬ್ಬರಿಗೆ ಇದ್ದರೆ ಸಾಕು. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸೋದರಮಾವನ ಮಗಳನ್ನು ತಂದುಕೊಂಡದ್ದರಿಂದ ಬಂದದ್ದಲ್ಲ. ಸೊಸೆಯನ್ನು ದೂರುವುದೂ ಸಲ್ಲದು.

ಶಸ್ತ್ರಚಿಕಿತ್ಸೆಗೂ ಉಗುರಿಗೂ ಏನು ಸಂಬಂಧ? ಅರಿವಳಿಕೆ ಕೊಡುವ ವೈದ್ಯರು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು.

1. ಈ ರೋಗವಿರುವ ಹಲವರ ಮೂತ್ರಪಿಂಡ ಸದ್ದಿಲ್ಲದೆ ಕೆಡುತ್ತಿರುತ್ತದೆ. ಕೆಲವು ಔಷಧಿಗಳು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ. ಆದ್ದರಿಂದ ಔಷಧಿಯನ್ನೂ ಅದರ ಪ್ರಮಾಣವನ್ನೂ ನೋಡಿ ಆರಿಸಬೇಕಾಗುತ್ತದೆ.
2. ಪ್ರಜ್ಞೆ ಇಲ್ಲದವರು ನೋವು ಹೇಳಲಾರರು. ಬಾಗಿದ ಮೊಣಕೈಯನ್ನು ಬಲವಂತವಾಗಿ ಚಾಚಬಾರದು. ಕೈಕಾಲಿಗೆ ಮೆತ್ತೆ ಕೊಡಬೇಕು.
3. ಸೊಂಟದ ಬೆನ್ನೆಲುಬು ಹೆಚ್ಚು ಬಾಗಿದ್ದರೆ ಬೆನ್ನಿಗೆ ಸೂಜಿ ಹಾಕುವುದು ಕಷ್ಟವಾಗಬಹುದು.
4. ಕಣ್ಣಿನೊಳಗಿನ ಒತ್ತಡ ಹೆಚ್ಚಿ ಗ್ಲಾಕೋಮಾ ಬರುವ ಸಂಭವವಿದೆ.

ಆದ್ದರಿಂದ ಹೆರಿಗೆಯಾಗಲಿ ಹರ್ನಿಯಾ ಆಗಲಿ, ಆಸ್ಪತ್ರೆಗೆ ಸೇರುವಾಗ ಕೈಯ ಉಗುರು ತೋರಿಸಿ, ‘ನಮ್ಮ ತಂದೆಗೂ ಹೀಗೆಯೇ ಇತ್ತು’ ಎಂದು ಬಾಯಿಬಿಟ್ಟು ಹೇಳಿರಿ. ಮದರಂಗಿ, ಬಣ್ಣ ಹಚ್ಚಿ ಮರೆಮಾಡಬೇಡಿರಿ. ವರ್ಷಕ್ಕೊಮ್ಮೆ ಮೂತ್ರ, ರಕ್ತದೊತ್ತಡ, ಕಣ್ಣು ಪರೀಕ್ಷಿಸಿಕೊಳ್ಳಿರಿ. ತೇನಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಅರವಿಂದ್ ಕಣ್ಣಾಸ್ಪತ್ರೆಯೂ ಇವೆ. ಮಂಡಿನೋವಿಗೆಂದು ಔಷಧಿ ಅಂಗಡಿಯ ನೋವಿನ ಮಾತ್ರೆಯನ್ನು ದಿನವೂ ನುಂಗುವುದು ಬೇಡ. ಅದು ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿ.

ಮದುವೆಯ ಮಾತುಕತೆ ಕೆಟ್ಟೀತೆಂದು ಮನೆತನದ ಉಗುರನ್ನು ಮುಚ್ಚಿಡುವವರುಂಟು. ಬಳ್ಳಿಯ ರೋಗ ಎಲೆಯಲ್ಲಿ ಕಂಡಾಗಲೇ ಮದ್ದು ಹುಡುಕುವ ನಾವು, ನಮ್ಮ ಮಕ್ಕಳ ಕೈಯನ್ನೂ ಒಮ್ಮೆ ಹಿಡಿದು ನೋಡೋಣ.