ಗಂಟಲಿಗೆ ಟ್ಯೂಬ್ ಇಲ್ಲದ ಎದೆ ಆಪರೇಷನ್: ಹೊರಡುವ ಮುನ್ನ ಎರಡು ಮಾತು

ತಮ್ಮಾ, ಗಂಟಲಿಗೆ ಟ್ಯೂಬ್ ಇಳಿಸದೆ ನಿನ್ನ ಅಪ್ಪನ ಎದೆ ಆಪರೇಷನ್ ಮಾಡಬಹುದು ಅಂತ ಡಾಕ್ಟರು ಹೇಳಿದ್ದಾರಂತೆ. ಊರು ಆನೇಮಹಲ್‌ನಲ್ಲಿ ಆಗಲೇ ಒಬ್ಬೊಬ್ಬರು ಒಂದೊಂದು ಹೇಳಿ ನಿಮ್ಮನ್ನು ಹೆದರಿಸಿದ್ದಾರೆ. ನನ್ನ ಮಾತನ್ನೂ ಕೇಳು.

ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. ರೋಮ್‌ನ ಸರ್ಜನ್ ಯೂಜೆನಿಯೊ ಪೊಂಪೆಯೊ ಮತ್ತು ಸಂಗಡಿಗರು ಎಚ್ಚರವಿದ್ದ ರೋಗಿಗಳ ಶ್ವಾಸಕೋಶದಿಂದ ಸಣ್ಣ ಗಂಟು ತೆಗೆದದ್ದನ್ನು 2004ರಲ್ಲೇ ವರದಿ ಮಾಡಿದ್ದಾರೆ. ಬೆನ್ನಿಗೋ ಪಕ್ಕೆಲುಬುಗಳ ನಡುವೆಯೋ ಇಂಜೆಕ್ಷನ್ ಕೊಟ್ಟು ಎದೆಯ ಆ ಭಾಗವನ್ನು ಮರಗಟ್ಟಿಸುತ್ತಾರೆ. ಜೊತೆಗೆ ಮಂಪರು ಬರುವ ಔಷಧಿ ಕೊಡುವುದೂ ಉಂಟು. ಪಕ್ಕೆಯಲ್ಲಿ ರಂಧ್ರ ಮಾಡಿದೊಡನೆ ಗಾಳಿ ಒಳಹೊಕ್ಕು ಆ ಕಡೆಯ ಶ್ವಾಸಕೋಶ ತಾನಾಗಿ ಕುಗ್ಗುತ್ತದೆ, ಸರ್ಜನ್‌ಗೆ ಜಾಗ ಸಿಗುತ್ತದೆ. ಇನ್ನೊಂದು ಶ್ವಾಸಕೋಶದಿಂದ ರೋಗಿ ತಾನೇ ಉಸಿರಾಡುತ್ತಿರುತ್ತಾನೆ, ಮೂಗಿಗೆ ಆಕ್ಸಿಜನ್ ಕೊಟ್ಟಿರುತ್ತಾರೆ. ಟ್ಯೂಬಿನಿಂದಾಗುವ ಗಂಟಲು ನೋವು ಇರುವುದಿಲ್ಲ, ಸ್ನಾಯು ಸಡಿಲಿಸುವ ಔಷಧಿಯೂ ಬೇಕಾಗುವುದಿಲ್ಲ.

ಆದರೆ ಇದು ಎಲ್ಲರಿಗೂ ಒಗ್ಗುವುದಿಲ್ಲ. ಮೈ ತೀರಾ ದಪ್ಪವಿದ್ದರೆ, ರಕ್ತದಲ್ಲಿ ಆಕ್ಸಿಜನ್ ಕಡಿಮೆಯಿದ್ದರೆ, ಹಳೆಯ ಟಿಬಿಯಿಂದಲೋ ಕೀವಿನಿಂದಲೋ ಶ್ವಾಸಕೋಶ ಎದೆಗೂಡಿಗೆ ಬಲವಾಗಿ ಅಂಟಿದ್ದರೆ ಡಾಕ್ಟರು ಬೇಡ ಎನ್ನುತ್ತಾರೆ. ಆದ್ದರಿಂದ ಅಪ್ಪನಿಗೆ ಯಾವಾಗಲೋ ಟಿಬಿ ಆಗಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡ. ಗೊರಕೆ, ದಮ್ಮು, ಬೀಡಿ, ರಕ್ತ ತೆಳುವಾಗಿಸುವ ಮಾತ್ರೆ, ಎಲ್ಲವನ್ನೂ ಅರಿವಳಿಕೆ ಡಾಕ್ಟರಿಗೆ ಹೇಳು. ಬೀಡಿಯನ್ನು ಇವತ್ತೇ ಬಿಡಿಸು.

ನಮ್ಮ ಕಡೆಯವರಿಗೆ ಬೆಳಗಾದರೆ ಕಾಫಿ ಬೇಕೇಬೇಕು. ಆಪರೇಷನ್ ದಿನ ಹಾಲು ಹಾಕಿದ ಕಾಫಿ ಒಂದು ಗುಟುಕೂ ಬೇಡ. ಹಾಲು ಹೊಟ್ಟೆಯಿಂದ ಇಳಿಯಲು 6 ಗಂಟೆ ಬೇಕೆಂಬ ಲೆಕ್ಕದಲ್ಲಿ ಡಾಕ್ಟರು ಉಪವಾಸ ಹೇಳುತ್ತಾರೆ. ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯಲು ಗಂಟಲಲ್ಲಿ ಟ್ಯೂಬ್ ಇರುವುದಿಲ್ಲ. ಮರೆತು ಕುಡಿದಿದ್ದರೆ ಒಪ್ಪಿಕೊಳ್ಳಿ, ದಿನ ಮುಂದೆ ಹೋದರೆ ಹೋಗಲಿ.

ಕೆಮ್ಮು ನಿಲ್ಲದಿದ್ದರೆ, ರಕ್ತ ಹೆಚ್ಚು ಹೋದರೆ, ಆಕ್ಸಿಜನ್ ಇಳಿದರೆ ನಡುವೆಯೇ ಟ್ಯೂಬ್ ಹಾಕಬೇಕಾಗಬಹುದು. ಅದನ್ನು ಸೋಲು ಅಂದುಕೊಳ್ಳಬೇಡ. ಅಂಥ ಹೊತ್ತಿಗೆ ಯಾರು, ಹೇಗೆ ಸಿದ್ಧರಿರುತ್ತಾರೆ ಎಂದು ಮೊದಲೇ ಕೇಳು. ಸರಿಯಾದ ಉತ್ತರ ಸಿಗದಿದ್ದರೆ ಟ್ಯೂಬ್ ಹಾಕಿಯೇ ಮಾಡಿ ಎನ್ನು.

ಇನ್ನೊಂದು ಮಾತು. ಮಳೆಗಾಲದಲ್ಲಿ ಮಂಗಳೂರು ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ನಿನಗೆ ಗೊತ್ತೇ ಇದೆ. ಮಂಗಳೂರಿನಲ್ಲಿ ಆಪರೇಷನ್ ಆದರೆ ಡಾಕ್ಟರು ಹೋಗಿ ಅನ್ನುವವರೆಗೆ ಅಲ್ಲೇ ಹತ್ತಿರ ಉಳಿದುಕೊಳ್ಳಿ. ಮನೆಗೆ ಬಂದ ಮೇಲೆ ಉಸಿರು ಕಟ್ಟಿದರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಹಾಸನದ ಆಸ್ಪತ್ರೆಗೆ ಹೊರಡಿ.

ಟ್ಯೂಬ್ ಬೇಕೋ ಬೇಡವೋ ಎಂಬುದನ್ನು ಡಾಕ್ಟರು ತೀರ್ಮಾನಿಸಲಿ. ಅವರಿಗೆ ಏನನ್ನೂ ಮುಚ್ಚಿಡದೆ ಹೇಳುವ ಜವಾಬ್ದಾರಿ ನಿನ್ನದು.